ಗಟಾರದ ನೀರನ್ನು ಹೊಲಕ್ಕೆ ಹಾಯಿಸುವ ಮುನ್ನ

ಹಾನಗಲ್ಲ, ಶಿಗ್ಗಾವಿ, ಸವಣೂರ, ಹಿರೇಕೆರೂರ ಈ ನಾಲ್ಕು ಊರುಗಳ ಸೀಮೆಯಲ್ಲಿ ನೀರಿನ ಮಾತೆಂದರೆ ಬಹುಮಟ್ಟಿಗೆ ಕೆರೆಯ ಮಾತೇ ಆಗಿರುವದು. ಮಳೆ ಸೋತ ವರ್ಷ ಕೆರೆಯ ತಳವು ಕಾಣುವದು. ಊರ ಗಟಾರವು ಮಾತ್ರ ಬತ್ತುವದಿಲ್ಲ. ಈ ನೀರನ್ನು ರೈತನು ಬಯಸಿದರೆ ಆಶ್ಚರ್ಯವೇನು? ಅದನ್ನು ಯಾವ ರೀತಿಯಿಂದ ಶುದ್ಧಮಾಡಿದರೆ ಬೆಳೆಗೂ ಜನಕ್ಕೂ ಕೇಡಾಗದೆಂಬದನ್ನು ನಾವು ಇಲ್ಲಿ ವಿಚಾರಿಸುವೆವು.

ಉದಾಹರಣೆಯು ದೂರವಿಲ್ಲ. ಹುಬ್ಬಳ್ಳಿ-ಧಾರವಾಡಗಳ ಹೊಲಸು ನೀರಿನಿಂದ ಬೇಸಾಯ ಮಾಡುವ ಹಳ್ಳಿಗಳ ಕುರಿತು 2003ರಲ್ಲಿ ಒಂದು ಅಭ್ಯಾಸವು ಪ್ರಕಟವಾಯಿತು. ನೀರು ತಪ್ಪದೆ ಬರುವದು, ಗೊಬ್ಬರದ ಖರ್ಚು ಉಳಿಯುವದು, ಬೇಸಿಗೆಯಲ್ಲಿಯೂ ಕಾಯಿಪಲ್ಲೆ ಬರುವದು, ಇವು ಲಾಭಗಳು. ಆದರೆ ಕಳೆಯೂ ಕೀಟಗಳೂ ಹೆಚ್ಚಿ, ಔಷಧ ಹೊಡೆಯುವದು ಹೆಚ್ಚಾಯಿತು. ಕಳೆ ತೆಗೆಯುವ ಕೆಲಸವು ಯಾರ ಪಾಲಿಗೆ ಬರುವದೆಂಬದನ್ನು ನಮ್ಮ ವಾಚಕಿಯರಿಗೆ ಹೇಳಬೇಕಾಗಿಲ್ಲ. ಬರಿಗಾಲಿನಿಂದ ಆ ಕೆಸರಿನಲ್ಲಿ ನಿಂತವಳ ಚರ್ಮವನ್ನು ಕೊರೆದು ಕೊಕ್ಕೆಹುಳದ ಮರಿಗಳು ದೇಹವನ್ನು ಸೇರುವವು. ಕರುಳಿನಲ್ಲಿ ನೆಲಸಿ ರಕ್ತವನ್ನು ಹೀರುವವು. ಬಸುರಿಯಾದವಳಿಗೆ ಈ ರಕ್ತಹೀನತೆಯು ಪ್ರಾಣಸಂಕಟವೇ ಸರಿ.

ಶುದ್ಧಮಾಡುವ ಪದ್ಧತಿಗಳಲ್ಲಿ ದೊಡ್ಡ ಪಟ್ಟಣಗಳು ಮೆಚ್ಚಿದ್ದು ಗಾಳಿಯೂದುವ ಪದ್ಧತಿ. ನೀರಿನೊಳಗೆ ಸತತವಾಗಿ ಗಾಳಿಯನ್ನು ಊದಿದರೆ ಸೂಕ್ಷ್ಮಜೀವಿಗಳು ಬೆಳೆದು ಹೊಲಸನ್ನು ತಿಂದು ಹಾಕುವವು. ಅನಂತರ ಅವುಗಳ ರಾಡಿಯು ತಳಕ್ಕೆ ಕೂಡ್ರುವದು. 1914ರಲ್ಲಿ ಇಂಗ್ಲಂಡದ ಮ್ಯಾಂಚೆಸ್ಟರಿನಲ್ಲಿ ಆರ್ಡರ್ನ್ ಮತ್ತು ಲಾಕೆಟ್ ಇವರು ಇದನ್ನು ಪ್ರಕಟಪಡಿಸಿದರು. ಅವರಿಗೆ ದಾರಿ ತೋರಿದ ಗಿಲ್ಬರ್ಟ್ ಫೌಲರ್ ಎಂಬವರು 1916ರಲ್ಲಿ ಬೆಂಗಳೂರಿನ ವಿಜ್ಞಾನ ಮಂದಿರಕ್ಕೆ ಅಧ್ಯಾಪಕರಾಗಿ ಬಂದರೆಂಬದು ಸ್ವಾರಸ್ಯದ ಸಂಗತಿ. ಈ ಪದ್ಧತಿಗೆ ಸ್ಥಳ ಅಲ್ಪ ಸಾಕು, ಕೆಲವು ತಾಸು ಸಾಕು. ಆದರೆ ವಿದ್ಯುತ್ತು ಎಡೆಬಿಡದೆ ಬೇಕು. ನೀರು ತಿಳಿಯಾಗಿ ಕಂಡರೂ ರೋಗಾಣುಗಳು ಉಳಿಯುವವು. ಕ್ಲೋರಿನ್ ಹಾಕಿದರೆ ಅವು ಸಾಯಬಹುದು, ಜಂತುಹುಳದ ತತ್ತಿಗಳು ಸಾಯುವದಿಲ್ಲ. 2018ರಲ್ಲಿ ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರನ್ನು ಕೋಲಾರದ ಕೆರೆಗಳಿಗೆ ಏರಿಸಿದಾಗ ಲಕ್ಷ್ಮೀಸಾಗರದ ಕೆರೆಯಲ್ಲಿ ನೊರೆಯೆದ್ದು, ಶುದ್ಧಿಯು ಸಾಲದೆಂಬ ವಾದವು ನ್ಯಾಯಾಲಯವನ್ನು ಮುಟ್ಟಿತು.

ಎರಡನೆಯದು ಹೊಂಡಗಳ ಪದ್ಧತಿ. ಮೊದಲನೆಯ ಹೊಂಡವು ಆಳವಾದದ್ದು; ಅಲ್ಲಿ ಗಸಿ ಕೂಡ್ರುವದು. ಎರಡನೆಯದರಲ್ಲಿ ಹಸುರು ಪಾಚಿಯು ಬಿಸಿಲಿನ ಸಹಾಯದಿಂದ ಪ್ರಾಣವಾಯುವನ್ನು ಒದಗಿಸುವದು. ಮೂರನೆಯದು ಸುಮಾರು ಒಂದು ಮೀಟರು ಮಾತ್ರ ಆಳ. ಅಲ್ಲಿ ಬಿಸಿಲೇ ರೋಗಾಣುಗಳನ್ನು ಕೊಲ್ಲುವದು. ತತ್ತಿಗಳು ನೀರಿಗಿಂತ ಭಾರವಾದ್ದರಿಂದ ಎಂಟು-ಹತ್ತು ದಿನ ನಿಂತ ನೀರಿನಲ್ಲಿ ಮುಳುಗುವವು. ಹಸಿಯಾಗಿ ತಿನ್ನುವ ಬೆಳೆಗೆ ಹಾಯಿಸುವ ನೀರಿನಲ್ಲಿ ಲೀಟರಿಗೆ ಒಂದಕ್ಕಿಂತ ಹೆಚ್ಚು ಹುಳದ ತತ್ತಿ, 100 ಮಿಲಿಲೀಟರಿಗೆ 1000ಕ್ಕಿಂತ ಹೆಚ್ಚು ಮಲದ ರೋಗಾಣು ಇರಬಾರದೆಂದು ಜಾಗತಿಕ ಆರೋಗ್ಯ ಸಂಸ್ಥೆಯು 1989ರಲ್ಲಿ ಹೇಳಿತು. ಒಳ್ಳೆಯ ಹೊಂಡಗಳು ಯಂತ್ರವಿಲ್ಲದೆಯೇ ಇಷ್ಟನ್ನು ಸಾಧಿಸಬಲ್ಲವು. ಭೂಮಿ ಮಾತ್ರ ಬಹಳ ಬೇಕು. ದಂಡೆಯ ಹುಲ್ಲನ್ನು ಕೀಳದಿದ್ದರೆ ಸೊಳ್ಳೆಗಳಾಗುವವು.

ಗರಸಿನ ಮಡಿಯಲ್ಲಿ ಜೊಂಡನ್ನು ನೆಟ್ಟು ಅದರ ಬೇರುಗಳ ನಡುವೆ ನೀರನ್ನು ಸೋಸುವದು ಇನ್ನೊಂದು ಬಗೆ. ಒಂದು ವಸತಿಗೃಹಕ್ಕೋ ಸಣ್ಣ ಓಣಿಗೋ ಇದು ತಕ್ಕದ್ದು. ಮುಂಚೆ ಗಸಿಯನ್ನು ತಳಗೂಡಿಸದಿದ್ದರೆ ಗರಸು ಬೇಗನೆ ಕಟ್ಟಿಕೊಳ್ಳುವದು.

ನಮ್ಮ ತಾಲೂಕಿನ ಊರುಗಳಿಗೆ ಹೊಂಡಗಳೇ ಮೇಲೆಂದು ನಮ್ಮ ಅಭಿಪ್ರಾಯ. ಬಿಸಿಲಿಗೆ ಬೆಲೆಯಿಲ್ಲ, ಕೆರೆಯನ್ನು ಕಾಯ್ದು ಬಂದವರಿಗೆ ಹೊಂಡವನ್ನು ಕಾಯುವದು ಹೊಸ ವಿದ್ಯೆಯಲ್ಲ. ಆದರೂ ಒಂದು ಕೊರತೆಯುಂಟು. ಸಾಬೂನುಪುಡಿಯ ಸೋಡಾ ಉಪ್ಪನ್ನು ಈ ಮೂರು ಪದ್ಧತಿಗಳಲ್ಲಿ ಯಾವದೂ ತೆಗೆಯಲಾರದು. ಎರೆಭೂಮಿಯಲ್ಲಿ ಆ ಉಪ್ಪು ಕೂಡಿದರೆ ಮಣ್ಣು ಬಿಗಿದುಕೊಂಡು ನೀರು ಇಂಗದಾಗುವದು. ಆದಕಾರಣ ನೀರನ್ನೂ ಮಣ್ಣನ್ನೂ ಆಗಾಗ ಪರೀಕ್ಷೆಗೆ ಕಳಿಸತಕ್ಕದ್ದು.

ಬೆಳೆಯನ್ನು ನೋಡಿ ನೀರನ್ನು ಕೊಡಬೇಕು. 2006ರಲ್ಲಿ ಅದೇ ಸಂಸ್ಥೆಯು ಶುದ್ಧೀಕರಣವೊಂದನ್ನೇ ನಂಬದೆ, ಬುಡಕ್ಕೆ ಮಾತ್ರ ನೀರು ಬಿಡುವದು, ಕೊಯ್ಲಿಗೆ ಕೆಲವು ದಿನ ಮುಂಚೆ ನಿಲ್ಲಿಸುವದು, ಕೆಲಸದವರಿಗೆ ಪಾದರಕ್ಷೆ, ಅಡಿಗೆಮನೆಯಲ್ಲಿ ತೊಳೆಯುವದು, ಹೀಗೆ ಹಲವು ತಡೆಗಳನ್ನು ಸೂಚಿಸಿತು. ಹಿರೇಕೆರೂರಿನ ಹತ್ತಿಗೆ ಹೊಂಡದ ನೀರು ಸಲ್ಲುವದು. ಹಾನಗಲ್ಲಿನ ಭತ್ತದ ಗದ್ದೆಗೆ ಬಿಡುವದಾದರೆ ನಾಟಿ ಹಚ್ಚುವ ಹೆಂಗಸರ ಕಾಲುಗಳನ್ನು ಮೊದಲು ನೆನೆಯಬೇಕು. ಸವಣೂರಿನ ವೀಳ್ಯದೆಲೆಯೋ ಹಸಿಯಾಗಿಯೇ ಬಾಯಿಗೆ ಹೋಗುವಂಥದು. ಆ ತೋಟಗಳಿಗೆ ಬಾವಿಯ ನೀರನ್ನೇ ಉಳಿಸತಕ್ಕದ್ದು.