ಕಾಡಂಚಿನ ಮನೆ, ಕೊಟ್ಟಿಗೆ, ತೋಟ: ಕಾಡ್ಗಿಚ್ಚಿನ ಪೂರ್ವಸಿದ್ಧತೆ ಮತ್ತು ವಿಮೆಯ ತಿಳಿವಳಿಕೆ

(ಗ್ರಾಮ ಪಂಚಾಯತಿ ಸದಸ್ಯರ ಅಧ್ಯಯನಕ್ಕಾಗಿ)



ಮಲೆನಾಡಿನ ಎಲೆಯುದುರುವ ಕಾಡುಗಳಲ್ಲಿ ಜನವರಿಯಿಂದ ಮೊದಲ ಮಳೆ ಬೀಳುವವರೆಗಿನ ಅವಧಿ ಬೆಂಕಿಯ ಕಾಲ. 2019ರ ಫೆಬ್ರವರಿಯಲ್ಲಿ ಬಂಡೀಪುರದ ಸಾವಿರಾರು ಎಕರೆ ಅರಣ್ಯ ಸುಟ್ಟುಹೋದುದು ತಮಗೆ ನೆನಪಿರಬಹುದು. 2023ರ ಫೆಬ್ರವರಿಯಲ್ಲಿ ಸಕಲೇಶಪುರ ತಾಲ್ಲೂಕಿನಲ್ಲಿ ಬೆಂಕಿ ನಂದಿಸಲು ಹೋದ ಅರಣ್ಯ ಇಲಾಖೆಯ ಸಿಬ್ಬಂದಿಯೊಬ್ಬರು ಪ್ರಾಣ ಕಳೆದುಕೊಂಡರು. ಅರಣ್ಯದ ರಕ್ಷಣೆ ಇಲಾಖೆಯ ಹೊಣೆ. ಕಾಡಿಗೆ ತಾಗಿಕೊಂಡಿರುವ ಮನೆ, ಕೊಟ್ಟಿಗೆ, ಬಣವೆ, ತೋಟಗಳ ವಿಷಯದಲ್ಲಿ ಜನರು ಮೊದಲು ಕೇಳುವುದು ವಾರ್ಡಿನ ಸದಸ್ಯರನ್ನು. "ವಿಮೆ ಇದೆಯಲ್ಲ, ಪರಿಹಾರ ಬರುತ್ತದೆ" ಎಂದು ನಾವು ಸಹಜವಾಗಿ ಹೇಳಿಬಿಡುತ್ತೇವೆ. ಆ ಮಾತು ಎಷ್ಟರಮಟ್ಟಿಗೆ ನಿಜ ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಮುಖ್ಯ ಉದ್ದೇಶ.

ಮೊದಲು ಮನೆಗೆ ಬೆಂಕಿ ಹೇಗೆ ತಗುಲುತ್ತದೆ ಎಂಬುದನ್ನು ನೋಡೋಣ. ನಮ್ಮ ಕಾಡುಗಳ ಬೆಂಕಿ ಬಹುತೇಕ ನೆಲದ ಮೇಲೆ, ತರಗೆಲೆ ಮತ್ತು ಒಣಹುಲ್ಲಿನಲ್ಲಿ ಹರಿಯುವಂಥದು. ಅದು ಗೋಡೆಯವರೆಗೆ ಬಂದೇ ಮನೆ ಸುಡಬೇಕೆಂದಿಲ್ಲ. ಗಾಳಿಯಲ್ಲಿ ಹಾರಿಬರುವ ಕಿಡಿ ಹಂಚಿನ ಸಂದಿಯಲ್ಲಿ ಸೇರಿಕೊಂಡ ಎಲೆಯ ಮೇಲೆ, ದೋಣಿಯಲ್ಲಿ ಕೊಳೆತು ಒಣಗಿದ ಕಸದ ಮೇಲೆ, ಹಿತ್ತಿಲಿನ ಸೌದೆಯ ರಾಶಿಯ ಮೇಲೆ ಬಿದ್ದರೆ ಸಾಕು. ಹೀಗಾಗಿ ಕಾಡಿನ ಅಂಚನ್ನು ಸವರುವುದಕ್ಕಿಂತ ಮೊದಲು ಮಾಡಬೇಕಾದ ಕೆಲಸ ಮಾಡಿನ ಮೇಲಿದೆ. ಹಂಚು ಮತ್ತು ದೋಣಿಗಳನ್ನು ಗುಡಿಸಬೇಕು, ಒಡೆದ ಹಂಚನ್ನು ಬದಲಿಸಬೇಕು, ಗೋಡೆಗೆ ತಾಗಿಸಿ ಇಟ್ಟ ಸೌದೆ, ಸೋಗೆ, ಅಡಿಕೆ ಸಿಪ್ಪೆಯನ್ನು ದೂರ ಸಾಗಿಸಬೇಕು. ಹುಲ್ಲಿನ ಬಣವೆ ಮನೆಯಿಂದಲೂ ಕೊಟ್ಟಿಗೆಯಿಂದಲೂ ಕನಿಷ್ಠ 30 ಅಡಿ ದೂರವಿರಲಿ. ಕರೆಯುವ ಹಸುವಿಗೆ ಹುಲ್ಲು ಹತ್ತಿರವಿರಬೇಕೆಂಬ ಮನೆಯವರ ಅನುಕೂಲಕ್ಕೆ ಇದು ವಿರುದ್ಧವೇ ಸರಿ. ಆದರೂ ಒಂದು ವಾರಕ್ಕೆ ಬೇಕಾದಷ್ಟನ್ನು ಮಾತ್ರ ಕೊಟ್ಟಿಗೆಯ ಅಟ್ಟದಲ್ಲಿಟ್ಟು ಉಳಿದುದನ್ನು ದೂರವಿಡಲು ಒಪ್ಪಿಸುವುದು ಅಸಾಧ್ಯವಲ್ಲ.

ಬೆಂಕಿ ಏರುಮುಖವಾಗಿ ಬಹು ವೇಗದಲ್ಲಿ ಸಾಗುತ್ತದೆ. ಇಳಿಜಾರು 10 ಡಿಗ್ರಿ ಹೆಚ್ಚಿದಂತೆ ಅದರ ವೇಗ ಸುಮಾರು ಇಮ್ಮಡಿಯಾಗುತ್ತದೆಂಬುದು ಬೆಂಕಿ ನಂದಿಸುವವರ ಸಾಮಾನ್ಯ ಲೆಕ್ಕ. ಗುಡ್ಡದ ಮೇಲಿರುವ ಮನೆಯ ಕೆಳಬದಿಯಲ್ಲಿ ಸವರಿದ ಜಾಗ ಅಗಲವಾಗಿರಬೇಕಾದುದು ಇದೇ ಕಾರಣಕ್ಕೆ. ನಮ್ಮ ಬಹುಪಾಲು ಮನೆಗಳು ಕಣಿವೆಯಲ್ಲಿ ತೋಟದ ತಲೆಗಿದ್ದು, ಬೆಟ್ಟ ಹಿಂದೆ ಮೇಲಕ್ಕಿರುತ್ತದೆ. ಅಲ್ಲಿ ಬೆಂಕಿ ನಿಧಾನವಾಗಿ ಇಳಿದು ಬರುವುದರಿಂದ ಸಿದ್ಧತೆಗೆ ಸ್ವಲ್ಪ ಸಮಯ ಸಿಗುತ್ತದೆ. ಆದರೆ ಉರಿಯುವ ಕೊರಡುಗಳು ಉರುಳಿ ಬರುವುದುಂಟು, ಸಂಜೆಯ ಮೇಲೆ ಗಾಳಿ ಬೆಟ್ಟದಿಂದ ಕೆಳಕ್ಕೆ ತಿರುಗುವುದೂ ಉಂಟು. ಆದ್ದರಿಂದ ಮನೆಯ ಹಿಂದಿನ ಧರೆಯ ಮೇಲೆ ತರಗೆಲೆ ಗುಡಿಸಿದ ಒಂದು ಬೆಂಕಿ ರೇಖೆ ಇರಲೇಬೇಕು.

ನೀರಿನ ವಿಷಯದಲ್ಲಿ ಒಂದು ಸಂಗತಿಯನ್ನು ಒತ್ತಿ ಹೇಳಬೇಕಾಗಿದೆ. ಬೆಂಕಿ ಬಿದ್ದ ಹೊತ್ತಿನಲ್ಲಿ ವಿದ್ಯುತ್ ಇರುತ್ತದೆಂದು ನಂಬಲಾಗದು. ಬೋರ್‌ವೆಲ್ ಇದ್ದೂ ನೀರಿಲ್ಲದಂತಾಗುತ್ತದೆ. ಅಡಿಕೆ ತೋಟವಿರುವ ಮನೆಗಳಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುವ ಎಂಜಿನ್ ಪಂಪು, ಉದ್ದನೆಯ ಪೈಪು ಮತ್ತು ಡ್ರಮ್ಮುಗಳು ಬೇಸಿಗೆಯಲ್ಲಿ ಮೂಲೆ ಸೇರಿರುತ್ತವೆ. ಜನವರಿಯಲ್ಲಿಯೇ ಅವನ್ನು ಹೊರತೆಗೆದು, ತೊಳೆದು, ಒಮ್ಮೆ ಚಾಲೂ ಮಾಡಿ, ಡ್ರಮ್ಮಿಗೆ ನೀರು ತುಂಬಿಡುವಂತೆ ತಿಳಿಸಿರಿ. ಕೇರಿಗೆ ಇಂತಹ ಎರಡು ಪಂಪುಗಳು ಸಿದ್ಧವಿದ್ದರೆ ಅಗ್ನಿಶಾಮಕ ವಾಹನ ತಾಲ್ಲೂಕು ಕೇಂದ್ರದಿಂದ ಬರುವವರೆಗೆ ಮನೆಗಳನ್ನು ಕಾಯ್ದುಕೊಳ್ಳಬಹುದು. ಕರೆ ಮಾಡಬೇಕಾದ ಸಂಖ್ಯೆ 112.

ಇನ್ನು ವಿಮೆ. ಕಾಡಂಚಿನ ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ: ಹಂಚಿನ ಮನೆ, ಸೋಗೆ ಹೊದಿಸಿದ ಕೊಟ್ಟಿಗೆ, ಎರಡು ಹಸು, ಬಣವೆ, ಒಂದೆರಡು ಎಕರೆ ತೋಟ, ಜಗಲಿಯಲ್ಲಿ ಮಾರಾಟಕ್ಕೆ ಕಾದಿರುವ ಅಡಿಕೆ ಮೂಟೆಗಳು. ಮಾರ್ಚಿನಲ್ಲಿ ಬೆಂಕಿ ಬಂದರೆ ಯಾವುದಕ್ಕೆ ಯಾವ ವಿಮೆ ಹಣ ಕೊಡುತ್ತದೆ?

ಮನೆಗೆ ಸಂಬಂಧಿಸಿ ಸ್ಥಿತಿ ಉತ್ತಮವಾಗಿದೆ. 2021ರ ಏಪ್ರಿಲ್ 1ರಿಂದ ಸಾಮಾನ್ಯ ವಿಮಾ ಕಂಪನಿಗಳು ಮಾರುತ್ತಿರುವ 'ಭಾರತ್ ಗೃಹ ರಕ್ಷಾ' ಪಾಲಿಸಿಯಲ್ಲಿ ಕಾಡಿನ ಬೆಂಕಿಯಿಂದಾಗುವ ಹಾನಿಯೂ ಸೇರಿದೆ. ಅದಕ್ಕೂ ಹಿಂದಿನ ಮಾದರಿಯ ಅಗ್ನಿ ವಿಮೆ ಪೊದೆಗಳ ಬೆಂಕಿಯನ್ನು ಒಳಗೊಂಡು, ಕಾಡಿನ ಬೆಂಕಿಯನ್ನು ಸ್ಪಷ್ಟವಾಗಿ ಹೊರಗಿಟ್ಟಿತ್ತು. ಹೆಚ್ಚಿನ ಕಂತು ಕಟ್ಟಿದವರಿಗೆ ಮಾತ್ರ ಅದು ದೊರೆಯುತ್ತಿತ್ತು. ಗೃಹಸಾಲದೊಂದಿಗೆ ದೀರ್ಘಾವಧಿಗೆ ಮಾಡಿಸಿದ ಹಳೆಯ ಪಾಲಿಸಿಗಳಿದ್ದರೆ ಬ್ಯಾಂಕಿನಿಂದ ಪ್ರತಿ ತರಿಸಿ ಈ ಒಂದು ಷರತ್ತನ್ನು ಓದಿಸಬೇಕು. ವಿಮಾ ಮೊತ್ತ ನಿಲ್ಲುವುದು ಮನೆಯನ್ನು ಮರಳಿ ಕಟ್ಟುವ ಖರ್ಚಿನ ಮೇಲೆ; ನಿವೇಶನದ ಬೆಲೆಗೂ ಅದಕ್ಕೂ ಸಂಬಂಧವಿಲ್ಲ. ಗೃಹ ರಕ್ಷಾದಲ್ಲಿ ಕಟ್ಟಡದ ವಿಮೆಯ ಶೇ 20ರಷ್ಟು, ಗರಿಷ್ಠ 10 ಲಕ್ಷ ರೂಪಾಯಿವರೆಗೆ, ಮನೆಯ ಸಾಮಾನುಗಳಿಗೆ ಪಟ್ಟಿ ಕೊಡದೆಯೇ ರಕ್ಷಣೆ ಸಿಗುತ್ತದೆ. ಮಾಡು ಹುಲ್ಲಿನದೋ ಸೋಗೆಯದೋ ಆಗಿದ್ದರೆ ಅದನ್ನು ಅರ್ಜಿಯಲ್ಲಿ ಮರೆಮಾಡಬಾರದು. ಅಂಥ ಕಟ್ಟಡಗಳನ್ನು ವಿಮಾ ಕಂಪನಿಗಳು ಕಚ್ಚಾ ರಚನೆಯೆಂದು ಬೇರೆಯಾಗಿಯೇ ಪರಿಗಣಿಸುತ್ತವೆ. ಮಕ್ಕಳ ಮನೆಗೆಂದು ಬೆಂಗಳೂರಿಗೆ ಹೋಗಿ ತಿಂಗಳುಗಟ್ಟಲೆ ಬೀಗ ಹಾಕುವವರು 30 ದಿನ ಮೀರುವುದಾದರೆ ಕಂಪನಿಗೆ ತಿಳಿಸಬೇಕು.

ಮನೆಯಿಂದ ಹೊರಗೆ ಕಾಲಿಟ್ಟೊಡನೆ ಚಿತ್ರ ಬದಲಾಗುತ್ತದೆ. ಜಗಲಿಯ ಅಡಿಕೆ ವ್ಯಾಪಾರದ ದಾಸ್ತಾನು; ಅದನ್ನು ಮನೆಯ ಸಾಮಾನೆಂದು ಎಣಿಸಲಾಗದು. ಹೆಚ್ಚು ದಾಸ್ತಾನು, ಸುಲಿಯುವ ಯಂತ್ರ, ಉಗ್ರಾಣವಿರುವವರು 'ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ' ಪಾಲಿಸಿಯ ಬಗ್ಗೆ ವಿಚಾರಿಸಬಹುದು. ಅದರಲ್ಲಿಯೂ ಕಾಡಿನ ಬೆಂಕಿ ಸೇರಿದೆ. ಹಸುಗಳಿಗೆ ಜಾನುವಾರು ವಿಮೆ ಬೇರೆಯೇ ಬೇಕು. ರಾಷ್ಟ್ರೀಯ ಜಾನುವಾರು ಮಿಷನ್ ಅಡಿಯಲ್ಲಿ ಕಂತಿನ ಶೇ 15ರಷ್ಟನ್ನು ಮಾತ್ರ ರೈತರು ಭರಿಸುವಂತೆ 2024ರಲ್ಲಿ ಸಡಿಲಿಸಲಾಗಿದೆ. ಕಿವಿಯ ಓಲೆ ಕಳೆದುಹೋಗಿದ್ದರೆ ಹಣ ಸಿಗುವುದು ಕಷ್ಟ. ಓಲೆ ಬಿದ್ದ ರಾಸಿಗೆ ಪಶುವೈದ್ಯರಿಂದ ಹೊಸದನ್ನು ಹಾಕಿಸಿ ವಿಮಾ ಕಂಪನಿಗೆ ತಿಳಿಸಲು ಹೇಳಿರಿ.

ತೋಟದ ವಿಷಯದಲ್ಲಿಯೇ ಅತ್ಯಂತ ದೊಡ್ಡ ತಪ್ಪು ಕಲ್ಪನೆಯಿದೆ. ಅಡಿಕೆ, ಕಾಳುಮೆಣಸಿಗೆ ಬೆಳೆಗಾರರು ಕಂತು ಕಟ್ಟುವುದು ಹವಾಮಾನ ಆಧಾರಿತ ಬೆಳೆ ವಿಮೆಗೆ. ಅದು ಮಳೆ, ಉಷ್ಣಾಂಶ, ತೇವಾಂಶಗಳ ಅಳತೆಯನ್ನು ನೋಡಿ ಹಣ ಕೊಡುತ್ತದೆಯೇ ಹೊರತು ತೋಟ ಸುಟ್ಟಿದೆಯೇ ಎಂದು ನೋಡುವುದಿಲ್ಲ. ಪಾಸ್‌ಬುಕ್ಕಿನಲ್ಲಿ 'ವಿಮೆ' ಎಂದು ಕಡಿತವಾದುದನ್ನು ಕಂಡು ನಿಶ್ಚಿಂತರಾಗಿರುವ ಬೆಳೆಗಾರರಿಗೆ ಇದನ್ನು ಬೆಂಕಿ ಬೀಳುವ ಮೊದಲೇ ತಿಳಿಸುವುದು ನಮ್ಮ ಕರ್ತವ್ಯ. ಭತ್ತದಂತಹ ಬೆಳೆಗಳಿಗಿರುವ ಫಸಲ್ ಬಿಮಾ ಯೋಜನೆಯಲ್ಲಿ ಸಿಡಿಲಿನಿಂದ ಉಂಟಾದ ಬೆಂಕಿಗೆ ಸ್ಥಳೀಯ ವಿಕೋಪದಡಿ ಅವಕಾಶವಿದೆ, 72 ಗಂಟೆಗಳೊಳಗೆ ತಿಳಿಸಬೇಕು. ಆದರೆ ಬೇಸಿಗೆಯ ಬಹುತೇಕ ಬೆಂಕಿ ಮನುಷ್ಯರಿಂದಲೇ ಬರುವಂಥದು. ಬಣವೆಗಂತೂ ಈ ಯಾವ ವಿಮೆಯೂ ಇಲ್ಲ.

ವಿಮೆಯಿಲ್ಲದವರಿಗೆ ಉಳಿಯುವುದು ರಾಜ್ಯ ವಿಪತ್ತು ಸ್ಪಂದನಾ ನಿಧಿ. ಅದರ ಪಟ್ಟಿಯಲ್ಲಿ ಬೆಂಕಿಯೂ ಇದೆ. ಕೇಂದ್ರದ 2022-26ರ ಮಾರ್ಗಸೂಚಿಯಂತೆ ಪೂರ್ಣ ಹಾನಿಯಾದ ಮನೆಗೆ ಬಯಲಿನಲ್ಲಿ 1.20 ಲಕ್ಷ, ಗುಡ್ಡಗಾಡಿನಲ್ಲಿ 1.30 ಲಕ್ಷ, ಹಾಲು ಕೊಡುವ ಹಸು ಅಥವಾ ಎಮ್ಮೆಗೆ 37,500, ಮನೆಗೆ ಹೊಂದಿಕೊಂಡ ಕೊಟ್ಟಿಗೆಗೆ 3,000 ರೂಪಾಯಿ. ಬಹುವಾರ್ಷಿಕ ಬೆಳೆಗೆ ಶೇ 33ಕ್ಕಿಂತ ಹೆಚ್ಚು ನಷ್ಟವಾದಲ್ಲಿ ಹೆಕ್ಟೇರಿಗೆ 22,500, ಅದೂ 2 ಹೆಕ್ಟೇರಿನ ಮಿತಿಯಲ್ಲಿ. ಹತ್ತು ವರ್ಷ ಸಾಕಿದ ಅಡಿಕೆ ತೋಟದ ಬೆಲೆಗೆ ಈ ಮೊತ್ತವನ್ನು ಹೋಲಿಸಿ ನೋಡಿದರೆ, ತೋಟದ ಮೇಲಂಚಿನಲ್ಲಿ ತರಗೆಲೆ ಗುಡಿಸುವ ಎರಡು ದಿನದ ಕೂಲಿ ದುಬಾರಿಯೆನಿಸದು.

ಬೆಂಕಿ ನಂದಿಸಲು ಮುಂದಾಗುವ ಯುವಕರು ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿರುವರೇ ಎಂದು ನೋಡಿರಿ. ವರ್ಷಕ್ಕೆ 20 ರೂಪಾಯಿ ಕಂತಿಗೆ ಅಪಘಾತದ ಮರಣಕ್ಕೆ 2 ಲಕ್ಷ ರೂಪಾಯಿ ದೊರೆಯುತ್ತದೆ. ಮೇ ಕೊನೆಯಲ್ಲಿ ಖಾತೆಯಲ್ಲಿ ಹಣವಿಲ್ಲದೆ ರದ್ದಾದವರು ನಮ್ಮಲ್ಲಿ ಕಡಿಮೆಯಿಲ್ಲ.

ಡಿಸೆಂಬರ್ ಅಥವಾ ಜನವರಿಯ ಗ್ರಾಮಸಭೆಯಲ್ಲಿ ಈ ವಿಷಯವನ್ನು ಕಾರ್ಯಸೂಚಿಗೆ ಸೇರಿಸಿ, ವಲಯ ಅರಣ್ಯಾಧಿಕಾರಿ, ಪಶುವೈದ್ಯರು ಮತ್ತು ಬ್ಯಾಂಕಿನ ಪ್ರತಿನಿಧಿಯನ್ನು ಆಹ್ವಾನಿಸುವುದು ಸೂಕ್ತ. ತೋಟದ ಕಸ, ಬೇಣದ ಹುಲ್ಲು ಸುಡುವವರು ಅರಣ್ಯ ಸಿಬ್ಬಂದಿಗೆ ಮುಂಚಿತವಾಗಿ ತಿಳಿಸುವಂತೆ ಅಲ್ಲಿಯೇ ನಿರ್ಣಯಿಸಬಹುದು. ಪಾಲಿಸಿದಾರರೇ ಉದ್ದೇಶಪೂರ್ವಕವಾಗಿ ಹಚ್ಚಿದ ಬೆಂಕಿಯ ಹಾನಿಗೆ ವಿಮೆ ಇಲ್ಲವೆಂಬುದನ್ನೂ ತಿಳಿಸಿರಿ. ಸದಸ್ಯರು ತಮ್ಮ ವಾರ್ಡಿನ ಕಾಡಂಚಿನ ಮನೆಗಳಿಗೆ ಒಮ್ಮೆ ಹೋಗಿ, ಕಟ್ಟಡ, ಕೊಟ್ಟಿಗೆ, ರಾಸುಗಳ ಚಿತ್ರಗಳನ್ನು ಮನೆಯವರ ಮೊಬೈಲಿನಲ್ಲಿಯೇ ತೆಗೆಸಿ, ಅವನ್ನೂ ಇ-ಸ್ವತ್ತು ದಾಖಲೆ, ಪಹಣಿ, ಪಾಲಿಸಿಗಳ ಪ್ರತಿಗಳನ್ನೂ ಬೇರೆ ಊರಿನ ಬಂಧುವೊಬ್ಬರಿಗೆ ಕಳುಹಿಸಿಡುವಂತೆ ಮಾಡಲಿ. ಬೆಂಕಿ ಬಿದ್ದ ಮೇಲೆ ಅವಶೇಷಗಳನ್ನು ತೆರವುಗೊಳಿಸುವ ಮುನ್ನ ಮತ್ತೆ ಚಿತ್ರ ತೆಗೆಸಿ, ಗ್ರಾಮ ಆಡಳಿತ ಅಧಿಕಾರಿಯಿಂದ ಮಹಜರು ಮಾಡಿಸಿ, ಅದೇ ದಿನ ವಿಮಾ ಕಂಪನಿಗೆ ತಿಳಿಸಬೇಕು. ಕಂಪನಿ ಅನ್ಯಾಯವಾಗಿ ನಿರಾಕರಿಸಿದರೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಒಂದು ವರ್ಷದೊಳಗೆ ದೂರು ಸಲ್ಲಿಸಬಹುದು. ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.