ಡಿಸ್ಚಾರ್ಜ್ ಬೇಡವೆನಿಸಿದರೆ: ಅಮೆರಿಕದ ಮೆಡಿಕೇರ್ ರೋಗಿಗಳಿಗೆ

ಅಮೆರಿಕದಲ್ಲಿ ಮಕ್ಕಳ ಬಳಿ ಹೋಗಿ ಅಲ್ಲೇ ನೆಲೆ ನಿಂತ ಕನ್ನಡದ ಹಿರಿಯರು ಹಲವರಿದ್ದಾರೆ. ಗ್ರೀನ್ ಕಾರ್ಡ್ ಪಡೆದು ಸತತ ಐದು ವರ್ಷ ಅಲ್ಲಿದ್ದು 65 ತುಂಬಿದವರು ಕಂತು ಕಟ್ಟಿ ಮೆಡಿಕೇರ್ ಎಂಬ ಸರ್ಕಾರಿ ವಿಮೆಗೆ ಸೇರಬಹುದು. ಅದರ ಜೊತೆಗೆ ಬರುವ ಒಂದು ಹಕ್ಕು ಬಹಳ ಜನರಿಗೆ ಗೊತ್ತಿರುವುದಿಲ್ಲ. ಆಸ್ಪತ್ರೆಯವರು ‘ನಾಳೆ ಮನೆಗೆ ಹೋಗಿ’ ಎಂದಾಗ, ‘ನನಗಿನ್ನೂ ಗುಣವಾಗಿಲ್ಲ, ಹೊರಗಿನವರು ನೋಡಿ ಹೇಳಲಿ’ ಎಂದು ಕೇಳುವ ಹಕ್ಕು ಅದು. ಪ್ರವಾಸಿ ವಿಮೆ ಮಾಡಿಸಿಕೊಂಡು ಹೋದವರಿಗೆ ಇದು ಅನ್ವಯಿಸದು.

ಈ ಹಕ್ಕು ಏಕೆ ಬೇಕು? ಸರ್ಕಾರವೇ ನೇರವಾಗಿ ನಡೆಸುವ ಮೂಲ ಮೆಡಿಕೇರ್ 1983ರಿಂದ ಬಹುತೇಕ ಆಸ್ಪತ್ರೆಗಳಿಗೆ ದಿನದ ಲೆಕ್ಕದಲ್ಲಿ ಹಣ ಕೊಡುವುದಿಲ್ಲ, ಕಾಯಿಲೆಗೆ ಇಷ್ಟು ಎಂದು ಕೊಡುತ್ತದೆ. ರೋಗಿ ನಾಲ್ಕು ದಿನ ಇದ್ದರೂ ಎಂಟು ದಿನ ಇದ್ದರೂ ಆಸ್ಪತ್ರೆಗೆ ಬರುವುದು ಹೆಚ್ಚುಕಡಿಮೆ ಒಂದೇ ಮೊತ್ತ. ಡಾಕ್ಟರು ಕೆಟ್ಟವರೆಂದು ಇದರ ಅರ್ಥವಲ್ಲ. ಆದರೆ ಹಾಸಿಗೆ ಬೇಗ ಖಾಲಿಯಾಗಲಿ ಎಂಬ ಒತ್ತಡ ಈ ಲೆಕ್ಕದಲ್ಲೇ ಇದೆ.

ಅಡ್ಮಿಟ್ ಆದ ಎರಡು ದಿನದೊಳಗೆ ‘ಇಂಪಾರ್ಟೆಂಟ್ ಮೆಸೇಜ್ ಫ್ರಮ್ ಮೆಡಿಕೇರ್’ ಎಂಬ ಕಾಗದ ಕೊಟ್ಟು ಸಹಿ ಕೇಳುತ್ತಾರೆ. ಹೆದರಬೇಡಿ, ಸಹಿ ಹಾಕಿದರೆ ಕಾಗದ ತಲುಪಿತು ಎಂದಷ್ಟೇ ಅರ್ಥ, ಡಿಸ್ಚಾರ್ಜಿಗೆ ಒಪ್ಪಿದಂತಲ್ಲ. ಇಂಗ್ಲಿಷ್ ಅರ್ಥವಾಗದಿದ್ದರೆ ಕನ್ನಡದ ಇಂಟರ್‌ಪ್ರಿಟರ್ ಕೇಳಿ. ಮೆಡಿಕೇರ್ ಹಣ ಪಡೆಯುವ ಆಸ್ಪತ್ರೆ ಅದನ್ನು ಉಚಿತವಾಗಿ ಒದಗಿಸಬೇಕು. ಮಗನೋ ಸೊಸೆಯೋ ಕೆಲಸದಿಂದ ಬರಲಿ ಎಂದು ಕಾಯಬೇಕಿಲ್ಲ.

ಆ ಕಾಗದದಲ್ಲಿ ಕ್ಯೂಐಒ ಎಂಬ ಸಂಸ್ಥೆಯ ಫೋನ್ ನಂಬರ್ ಇರುತ್ತದೆ. ಮೆಡಿಕೇರ್ ಪರವಾಗಿ ಪರಿಶೀಲನೆ ಮಾಡುವ ಈ ಸಂಸ್ಥೆ ಆಸ್ಪತ್ರೆಗೆ ಸೇರಿದ್ದಲ್ಲ. ಡಿಸ್ಚಾರ್ಜ್ ದಿನದ ಮಧ್ಯರಾತ್ರಿಯೊಳಗೆ, ಆಸ್ಪತ್ರೆಯಲ್ಲಿ ಇರುವಾಗಲೇ, ಅವರಿಗೆ ಫೋನ್ ಮಾಡಬೇಕು. ಮನೆಯವರೂ ರೋಗಿಯ ಪ್ರತಿನಿಧಿಯಾಗಿ ಮಾಡಬಹುದು. ಶುಲ್ಕವಿಲ್ಲ, ವಕೀಲರೂ ಬೇಡ. ಎಲ್ಲಕ್ಕಿಂತ ಮುಖ್ಯವಾದದ್ದು ಈ ಮಧ್ಯರಾತ್ರಿಯ ಗಡುವು. ಗಡುವು ಮೀರಿದರೂ ಪರಿಶೀಲನೆ ಕೇಳಬಹುದು, ಆದರೆ ಖರ್ಚಿನ ರಕ್ಷಣೆ ಸಿಗುವುದಿಲ್ಲ.

ಗಡುವಿನೊಳಗೆ ಕೇಳಿದರೆ ಆಸ್ಪತ್ರೆ ಮರುದಿನ ಮಧ್ಯಾಹ್ನದೊಳಗೆ ಡಿಸ್ಚಾರ್ಜಿನ ಕಾರಣಗಳನ್ನು ಬರೆದು ಕೊಡಬೇಕು. ಕಡತಗಳೆಲ್ಲ ಕೈಸೇರಿದ ಮೇಲೆ ಕ್ಯೂಐಒ ಒಂದು ದಿನದಲ್ಲಿ ತೀರ್ಮಾನ ಹೇಳುತ್ತದೆ. ತೀರ್ಮಾನ ವಿರುದ್ಧವಾದರೂ ಅದು ತಿಳಿದ ಮರುದಿನ ಮಧ್ಯಾಹ್ನದವರೆಗೆ ಆಸ್ಪತ್ರೆವಾಸದ ಖರ್ಚು ನಿಮ್ಮ ತಲೆಗೆ ಬರದು. ಡಿಡಕ್ಟಿಬಲ್‌ನಂಥ ಮಾಮೂಲಿ ಪಾಲು ಮಾತ್ರ ಕಟ್ಟಬೇಕು. ಡಿಸ್ಚಾರ್ಜ್ ಸರಿ ಎಂದು ಸಾಧಿಸುವ ಹೊಣೆ ಆಸ್ಪತ್ರೆಯದು, ರೋಗಿಯದಲ್ಲ. ಇದನ್ನು ನೆನಪಿಟ್ಟುಕೊಂಡರೆ ಅರ್ಧ ಅಳುಕು ಹೋಗುತ್ತದೆ.

ಫೋನಿನಲ್ಲಿ ಏನು ಹೇಳಬೇಕು? ‘ಅಮ್ಮನಿಗೆ ಹುಷಾರಿಲ್ಲ’ ಎಂದರೆ ಸಾಲದು. ನಿನ್ನೆ ರಾತ್ರಿ ಜ್ವರ ಎಷ್ಟಿತ್ತು, ಆಕ್ಸಿಜನ್ ತೆಗೆದರೆ ಏನಾಗುತ್ತದೆ, ಬಾತ್‌ರೂಮಿಗೆ ಒಬ್ಬರೇ ನಡೆಯುತ್ತಾರೆಯೇ, ಡ್ರಿಪ್‌ನಲ್ಲಿ ಔಷಧ ಇನ್ನೂ ಹೋಗುತ್ತಿದೆಯೇ, ಇಂಥವನ್ನು ಹೇಳಿ. ಒಂದು ಚೀಟಿಯಲ್ಲಿ ಮೊದಲೇ ಬರೆದಿಟ್ಟುಕೊಳ್ಳಿ. ಮನೆಯಲ್ಲಿ ಹಗಲು ಯಾರೂ ಇಲ್ಲ ಎಂಬುದನ್ನೂ ಹೇಳಿ. ಆದರೆ ಪರಿಶೀಲಿಸುವ ವೈದ್ಯರು ಮುಖ್ಯವಾಗಿ ನೋಡುವುದು ಆಸ್ಪತ್ರೆಯ ಚಿಕಿತ್ಸೆ ಇನ್ನೂ ಬೇಕೇ ಎಂಬುದನ್ನು.

ಒಂದು ಎಚ್ಚರಿಕೆ. ರಾತ್ರಿಯಿಡೀ ವಾರ್ಡಿನ ಹಾಸಿಗೆಯಲ್ಲಿ ಮಲಗಿದ್ದರೂ ದಾಖಲೆಯಲ್ಲಿ ನೀವು ‘ಅಬ್ಸರ್ವೇಶನ್’ ಎಂದಷ್ಟೇ ಇರಬಹುದು. ಆಗ ನೀವು ಹೊರರೋಗಿ, ಮೇಲೆ ಹೇಳಿದ ಪರಿಶೀಲನೆಯ ಹಕ್ಕು ಸಿಗದು. ಮೂಲ ಮೆಡಿಕೇರ್‌ನಲ್ಲಿ ನರ್ಸಿಂಗ್ ಕೇಂದ್ರದ ಖರ್ಚು ಸಿಗಲು ಬೇಕಾದ ಮೂರು ದಿನದ ಒಳರೋಗಿ ಲೆಕ್ಕಕ್ಕೂ ಆ ದಿನಗಳು ಸೇರುವುದಿಲ್ಲ. ಹಾಗಾಗಿ ‘ನಾನು ಇನ್‌ಪೇಶಂಟೇ?’ ಎಂದು ದಿನವೂ ಕೇಳಿ.

ಖಾಸಗಿ ಕಂಪನಿಗಳು ನಡೆಸುವ ಮೆಡಿಕೇರ್ ಅಡ್ವಾಂಟೇಜ್‌ನ ಒಳರೋಗಿಗಳಿಗೂ ಈ ಹಕ್ಕು ಉಂಟು. ಆಸ್ಪತ್ರೆಯವರು ಕೊಟ್ಟ ದಿನವೇ ಆ ಕಾಗದದ ಫೋಟೊ ತೆಗೆದು ಮಕ್ಕಳಿಗೆ ಕಳಿಸಿ. ಕಾಗದ ಕಳೆದುಹೋದರೆ 1-800-633-4227ಕ್ಕೆ ಕರೆ ಮಾಡಿ. ಅದು ಮೆಡಿಕೇರ್‌ನದೇ ಸಹಾಯವಾಣಿ, ದಿನದ 24 ಗಂಟೆಯೂ ಇರುತ್ತದೆ.