ಕೋಪ ಹುಟ್ಟುವುದು ದಾರಿಯಲ್ಲಿ, ಬೀಳುವುದು ಮಗಳ ಮೇಲೆ

ಪ್ರಶ್ನೆ: ನನಗೆ 46 ವರ್ಷ. ಬನಶಂಕರಿಯಲ್ಲಿ ಮನೆ, ಬೆಳ್ಳಂದೂರಿನ ಹತ್ತಿರ ಆಫೀಸು. ಕೋವಿಡ್ ಕಾಲದಿಂದ ಮನೆಯಲ್ಲೇ ಕೂತು ಕೆಲಸ ಮಾಡುತ್ತಿದ್ದೆ. ಆಮೇಲೆ ವಾರಕ್ಕೆ ಮೂರು ದಿನ ಬನ್ನಿ ಅಂದರು, ಈಗ ಐದೂ ದಿನ ಕಡ್ಡಾಯ. ಹೋಗಿ ಕೂತರೆ ನನ್ನ ತಂಡದವರೆಲ್ಲ ಪುಣೆ, ಹೈದರಾಬಾದಿನಲ್ಲಿ, ಮೀಟಿಂಗೆಲ್ಲ ಹೆಡ್‌ಫೋನಿನಲ್ಲೇ. ಬಂದಾಗೊಮ್ಮೆ ಹೋಗುವಾಗೊಮ್ಮೆ ಆ್ಯಪ್‌ಗೆ ಮುಖ ತೋರಿಸಬೇಕು. ಈ ಓಡಾಟಕ್ಕೆಂದೇ ಸಾಲ ಮಾಡಿ ಹೊಸ ಕಾರು ತಗೊಂಡೆ. ಅದರಲ್ಲಿ ಏಸಿ ಕಡಿಮೆ ಮಾಡಬೇಕಾದರೂ ಪರದೆ ತಡಕಬೇಕು, ಪಕ್ಕದಲ್ಲಿ ಬೈಕು ನುಗ್ಗಿದಾಗಲೆಲ್ಲ ಅದು ಕೂಗಿಕೊಳ್ಳುತ್ತದೆ. ಹೋದ ವಾರ ಲೆಕ್ಕ ಕೇಳಲು ಬಂದ ಮಗಳ ಪುಸ್ತಕ ಕಿತ್ತು ಎಸೆದೆ. ಈಗ ನನ್ನ ಕಾರಿನ ಸದ್ದು ಕೇಳಿದರೆ ಅವಳು ರೂಮಿಗೆ ಹೋಗಿಬಿಡುತ್ತಾಳೆ. ಕೆಲವು ದಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಕಾರನ್ನು ಅಲ್ಲೇ ಬಿಟ್ಟು ಎಲ್ಲಾದರೂ ಹೊರಟುಹೋಗೋಣ ಅನ್ನಿಸುತ್ತದೆ. ಇಷ್ಟು ಸಣ್ಣ ವಿಷಯಕ್ಕೆ ಹೀಗಾಗುವುದು ನನ್ನ ದೌರ್ಬಲ್ಯವೇ?
– ಹೆಸರು ಬೇಡ, ಬೆಂಗಳೂರು

ಉತ್ತರ: ಇದು ಸಣ್ಣ ವಿಷಯವೂ ಅಲ್ಲ, ನಿಮ್ಮ ದೌರ್ಬಲ್ಯವೂ ಅಲ್ಲ. ಪುಸ್ತಕ ಎಸೆದ ಸಂಗತಿಯನ್ನು ಮುಚ್ಚಿಡದೆ ಬರೆದಿದ್ದೀರಿ. ಅದು ನಿಮ್ಮನ್ನು ಎಷ್ಟು ಕಾಡುತ್ತಿದೆ ಎಂಬುದು ಅಷ್ಟರಲ್ಲೇ ಗೊತ್ತಾಗುತ್ತದೆ.

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆದಾಗ ಕಂಪನಿಗಳು ಕೆಲವೇ ದಿನಗಳಲ್ಲಿ ಎಲ್ಲರ ಕೈಗೆ ಲ್ಯಾಪ್‌ಟಾಪ್ ಕೊಟ್ಟು ಮನೆಗೆ ಕಳಿಸಿದವು. ನೀವು ಊಟದ ಮೇಜನ್ನೇ ಆಫೀಸು ಮಾಡಿಕೊಂಡು ಕೆಲಸ ನಿಲ್ಲದಂತೆ ನೋಡಿಕೊಂಡಿರಿ. ಈಗ ವಾಪಸ್ ಕರೆಯುವಾಗ ನಿಮ್ಮನ್ನು ಒಂದು ಮಾತು ಕೇಳಲಿಲ್ಲ. ಬಂದ ಮೇಲೂ ಮುಖ ತೋರಿಸಿ ಸಾಬೀತುಮಾಡಿ ಅನ್ನುತ್ತಾರೆ. ಇಪ್ಪತ್ತು ವರ್ಷ ದುಡಿದ ಮನುಷ್ಯನಿಗೆ ಇದು ನೋವು ಕೊಡದೇ ಇರುತ್ತದೆಯೇ? ಅದರ ಮೇಲೆ ಈ ಊರಿನ ರಸ್ತೆ. ಟಾಮ್‌ಟಾಮ್ ಸಂಸ್ಥೆ 2024ರ ಸಂಚಾರವನ್ನು ಅಳೆದಾಗ ಬೆಂಗಳೂರಿನಲ್ಲಿ ಹತ್ತು ಕಿಲೋಮೀಟರ್ ಸಾಗಲು ಸರಾಸರಿ 34 ನಿಮಿಷ ಬೇಕಾಗಿತ್ತು. ಸರಾಸರಿ ಹಾಗಿದ್ದರೂ ಹೊರವರ್ತುಲ ರಸ್ತೆಯಲ್ಲಿ ಇವತ್ತು ಎಷ್ಟು ಹೊತ್ತಾದೀತು ಎಂದು ಹೊರಡುವಾಗ ಯಾರೂ ಹೇಳಲಾರರು. ದೂರಕ್ಕಿಂತ ಈ ಅನಿಶ್ಚಿತತೆಯೇ ಮನಸ್ಸನ್ನು ಹೆಚ್ಚು ದಣಿಸುತ್ತದೆ.

ಕಾರಿನ ಪರದೆಯ ವಿಷಯದಲ್ಲಿ ‘ನನಗೆ ವಯಸ್ಸಾಯಿತು, ಹೊಸದು ತಲೆಗೆ ಹತ್ತುತ್ತಿಲ್ಲ’ ಎಂಬ ಹಳಹಳಿಕೆ ನಿಮ್ಮಲ್ಲಿದ್ದರೆ ಅದನ್ನು ಬಿಟ್ಟುಬಿಡಿ. ಕಾರುಗಳ ಸುರಕ್ಷತೆಯನ್ನು ಪರೀಕ್ಷಿಸುವ ಯುರೋಪಿನ ಯೂರೋ ಎನ್‌ಕ್ಯಾಪ್ ಸಂಸ್ಥೆ ಇಂಡಿಕೇಟರ್, ಹಾರ್ನ್, ವೈಪರ್, ಹಜಾರ್ಡ್ ಲೈಟ್ ಮುಂತಾದವಕ್ಕೆ ಕೈಗೆ ಸಿಗುವ ಗುಂಡಿಯೋ ಕಡ್ಡಿಯೋ ಇದೆಯೇ ಎಂಬುದನ್ನೂ 2026ರಿಂದ ಅಂಕ ಕೊಡುವಾಗ ನೋಡುತ್ತದೆ. ಓಡಿಸುವಾಗ ಕಣ್ಣು ರಸ್ತೆಯಿಂದ ಪರದೆಗೆ ಹೋಗುವುದು ಅಪಾಯ ಎಂದು ಬಲ್ಲವರೇ ಒಪ್ಪಿದ್ದಾರೆ. ತಪ್ಪು ನಿಮ್ಮ ಬೆರಳಿನದಲ್ಲ.

ನಿಮ್ಮ ಪತ್ರದಲ್ಲಿ ಆಫೀಸು, ರಸ್ತೆ, ಕಾರು, ಆ್ಯಪ್ ಎಂದು ನಾಲ್ಕು ದೂರುಗಳಿವೆ. ನನಗೆ ಕಾಣುವುದು ಒಂದೇ: ನನ್ನ ದಿನ ನನ್ನ ಕೈಯಲ್ಲಿಲ್ಲ ಎಂಬ ಸಂಕಟ. ಆ ಸಂಕಟವನ್ನು ಹೇಳಿಕೊಳ್ಳಲು ದಾರಿಯುದ್ದಕ್ಕೂ ಯಾರೂ ಸಿಗುವುದಿಲ್ಲ. ಮನೆ ತಲುಪಿದಾಗ ಮೊದಲು ಎದುರಾಗುವವಳು ಮಗಳು. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅನ್ನುತ್ತಾರಲ್ಲ, ಹಾಗೆ. ನಮ್ಮ ಮೇಲೆ ತಿರುಗಿ ಬೀಳದವರ ಮೇಲೆಯೇ ನಮ್ಮ ಸಿಟ್ಟು ಹರಿಯುತ್ತದೆ. ಕೋಪ ಬಂದದ್ದಕ್ಕೆ ನಿಮ್ಮನ್ನು ನೀವು ಹಳಿದುಕೊಳ್ಳಬೇಡಿ. ಅದು ಎಲ್ಲಿ ಬಿತ್ತು ಎಂಬುದರ ಹೊಣೆ ಮಾತ್ರ ನಿಮ್ಮದೇ.

ಆದ್ದರಿಂದ ಮೊದಲ ಕೆಲಸ ಮನೆಯಲ್ಲೇ ಆಗಬೇಕು. ಈ ಭಾನುವಾರ ಮಗಳ ಹತ್ತಿರ ಕೂತು ನೇರವಾಗಿ ಹೇಳಿ: ‘ಅವತ್ತು ಪುಸ್ತಕ ಎಸೆದದ್ದು ನನ್ನ ತಪ್ಪು. ನಿನ್ನಿಂದ ಏನೂ ತಪ್ಪಾಗಿರಲಿಲ್ಲ. ನಾನು ಬೇರೆ ಕಡೆಯ ಸಿಟ್ಟನ್ನು ನಿನ್ನ ಮೇಲೆ ತೋರಿಸಿದೆ.’ ಇಷ್ಟೇ ಸಾಕು. ‘ನಿನಗೇನು ಗೊತ್ತು ನನ್ನ ಕಷ್ಟ’ ಎಂದು ಸೇರಿಸಬೇಡಿ. ಸೇರಿಸಿದರೆ ಕ್ಷಮೆ ಕೇಳಿದಂತಾಗುವುದಿಲ್ಲ, ಮತ್ತೊಂದು ಆಕ್ಷೇಪಣೆಯಾಗುತ್ತದೆ. ಚಾಕಲೇಟು, ಮೊಬೈಲು ತಂದುಕೊಟ್ಟು ತೇಲಿಸಲೂಬೇಡಿ. ಅಪ್ಪ ಸಿಟ್ಟಾದರೆ ಅದಕ್ಕೆ ತಾನೇ ಕಾರಣ ಎಂದು ಮಕ್ಕಳು ಒಳಗೊಳಗೇ ನಂಬಿಬಿಡುತ್ತಾರೆ, ಯಾರಲ್ಲೂ ಹೇಳುವುದಿಲ್ಲ. ಆ ನಂಬಿಕೆಯನ್ನು ತೆಗೆಯಲು ನಿಮ್ಮೊಬ್ಬರಿಂದಲೇ ಸಾಧ್ಯ. ಒಮ್ಮೆ ಕೇಳಿದ ತಕ್ಷಣ ಅವಳು ರೂಮಿನಿಂದ ಓಡಿ ಬರಲಿಕ್ಕಿಲ್ಲ. ಕಾಯಿರಿ. ಅವಳು ಈಗ ನಿಮ್ಮ ಮಾತಿಗಿಂತ ಮುಂದಿನ ಸಂಜೆಗಳನ್ನು ಗಮನಿಸುತ್ತಾಳೆ.

ಆ ಸಂಜೆಗಳಿಗಾಗಿ ಮನೆಯವರ ಜೊತೆ ಒಂದು ಒಪ್ಪಂದ ಮಾಡಿಕೊಳ್ಳಿ. ಬಂದ ಮೇಲೆ ಕೈಕಾಲು ಮುಖ ತೊಳೆದು ಕಾಫಿ ಕುಡಿಯುವವರೆಗೆ ಯಾರೂ ಏನೂ ಕೇಳುವುದಿಲ್ಲ. ಅದಾದ ಮೇಲೆ ನೀವೇ ಲೆಕ್ಕದ ಪುಸ್ತಕ ತರಲು ಹೇಳುತ್ತೀರಿ. ನಿಮ್ಮಾಕೆಯೂ ದಣಿದಿರುತ್ತಾರೆ. ಅವರಿಗೂ ದಿನದಲ್ಲಿ ಅಂಥದ್ದೇ ಬಿಡುವು ಸಿಗುವಂತೆ ನೋಡಿಕೊಳ್ಳಿ.

ಇನ್ನು ಆಫೀಸು. ನಿಯಮ ಮಾಡಿದವರು ನಿಮ್ಮ ಮ್ಯಾನೇಜರ್ ಆಗಿರಲಿಕ್ಕಿಲ್ಲ; ಅವರೂ ಅದೇ ಟ್ರಾಫಿಕ್ಕಿನಲ್ಲಿ ಬರುವವರು. ಕರೆಯುವವರ ವಾದದಲ್ಲಿ ಹುರುಳೇ ಇಲ್ಲ ಎಂದೂ ಹೇಳಲಾರೆ. ಹೊಸದಾಗಿ ಸೇರಿದವರಿಗೆ ಹಿರಿಯರ ಪಕ್ಕ ಕೂತು ಕಲಿಯುವ ಅವಕಾಶ ಬೇಕು. ಪಿಜಿಯ ಒಂಟಿ ಕೋಣೆಯಲ್ಲಿ ಕೆಲಸ ಮಾಡಿ ಮಂಕಾದ ಯುವಕರೂ ಇದ್ದಾರೆ. ಹಾಗಾಗಿ ನಿಯಮದ ಸರಿತಪ್ಪಿನ ಚರ್ಚೆಗೆ ಇಳಿಯದೆ, ಮ್ಯಾನೇಜರ್ ಕೈಯಲ್ಲಿ ಇರುವುದನ್ನಷ್ಟೇ ಕೇಳಿ. ‘ಬೆಳಗ್ಗೆ ಏಳೂವರೆಗೆ ಬಂದು ಮಧ್ಯಾಹ್ನ ಮೂರೂವರೆಗೆ ಹೊರಡುತ್ತೇನೆ, ಸಂಜೆಯ ಕರೆಗಳನ್ನು ಮನೆಯಿಂದ ತಗೋತೀನಿ, ಒಂದು ತಿಂಗಳು ನೋಡೋಣ’ ಎಂಬ ಕೋರಿಕೆಗೆ ಒಪ್ಪುವುದು ಅವರಿಗೂ ಸುಲಭ. ಮಾತಾಡಿದ ಮೇಲೆ ಅದನ್ನೇ ಇಮೇಲಿನಲ್ಲಿ ಬರೆದು ಕಳಿಸಿ.

ಎಳೆಗೂಸಿರುವ ತಾಯಂದಿರು ಇದನ್ನು ಓದುತ್ತಿದ್ದರೆ ಅವರಿಗೆ ಒಂದು ಮಾತು. ಹೆರಿಗೆ ರಜೆ ಮುಗಿದ ಮೇಲೆ, ಕೆಲಸದ ಸ್ವರೂಪ ಹೊಂದುವಂತಿದ್ದರೆ, ಇಬ್ಬರ ಒಪ್ಪಿಗೆಯ ಮೇಲೆ ಮನೆಯಿಂದ ಕೆಲಸ ಮಾಡಲು 2017ರಲ್ಲಿ ತಿದ್ದುಪಡಿಯಾದ ಹೆರಿಗೆ ಸೌಲಭ್ಯ ಕಾಯ್ದೆ ದಾರಿ ಮಾಡಿಕೊಟ್ಟಿತು. 50 ಮತ್ತು ಅದಕ್ಕಿಂತ ಹೆಚ್ಚು ಮಂದಿ ದುಡಿಯುವ ಕಡೆ ಶಿಶುಪಾಲನಾ ಕೇಂದ್ರದ ಸೌಲಭ್ಯ ಇರಬೇಕು ಎಂದೂ ಅದು ಹೇಳಿತು. ಎಚ್‌ಆರ್ ವಿಭಾಗದಲ್ಲಿ ಕೇಳಲು ಸಂಕೋಚ ಬೇಡ.

ಐದೂ ದಿನ ಕಾರೇ ಏಕೆ? ಸಾಲದ ಕಂತು ಕಟ್ಟುತ್ತಿದ್ದೇನೆ, ಓಡಿಸದಿದ್ದರೆ ನಷ್ಟ ಎಂದು ಮನಸ್ಸು ಹೇಳುತ್ತದೆ. ಕಂತು ಹೇಗೂ ಹೋಗುತ್ತದೆ, ನೆಮ್ಮದಿಯೂ ಅದರ ಜೊತೆ ಹೋಗಬೇಕಿಲ್ಲ. 2025ರ ಆಗಸ್ಟ್‌ನಲ್ಲಿ ಮೆಟ್ರೊದ ಹಳದಿ ಮಾರ್ಗ ಶುರುವಾದ ಮೇಲೆ ನಿಮಗೆ ಒಂದು ದಾರಿ ತೆರೆದಿದೆ. ಬನಶಂಕರಿಯಲ್ಲಿ ಹಸಿರು ಮಾರ್ಗದ ಮೆಟ್ರೊ ಹತ್ತಿ, ಆರ್.ವಿ. ರಸ್ತೆ ನಿಲ್ದಾಣದಲ್ಲಿ ಬದಲಿಸಿ ಸೆಂಟ್ರಲ್ ಸಿಲ್ಕ್ ಬೋರ್ಡ್‌ನಲ್ಲಿ ಇಳಿಯಿರಿ. ಅಲ್ಲಿಂದ ಬೆಳ್ಳಂದೂರಿನ ಕಡೆಗೆ ಬಿಎಂಟಿಸಿ ಬಸ್ಸುಗಳಿವೆ. ಕೊನೆಯ ತುಂಡು ರಸ್ತೆಯ ಗದ್ದಲ ತಪ್ಪದು, ಆದರೆ ಸ್ಟೇರಿಂಗ್ ನಿಮ್ಮ ಕೈಯಲ್ಲಿರುವುದಿಲ್ಲ. ವಾರಕ್ಕೆ ಎರಡು ದಿನ ಹೋಗಿ ನೋಡಿ.

ಕಾರು ತೆಗೆಯುವ ದಿನಗಳಿಗಾಗಿ, ಬಿಡುವಿನಲ್ಲಿ ಅದನ್ನು ನಿಲ್ಲಿಸಿಕೊಂಡೇ ಪರದೆಯನ್ನು ಹೊಂದಿಸಿಕೊಳ್ಳಿ. ಯಾವ ಸದ್ದು ಕಡಿಮೆ ಮಾಡಬಹುದು, ಯಾವುದು ಸುರಕ್ಷತೆಗೆ ಬೇಕೇಬೇಕು ಎಂದು ಸರ್ವಿಸ್ ಸೆಂಟರಿನಲ್ಲಿ ಕೇಳಿ. ಏಸಿಯನ್ನು ಹೊರಡುವ ಮೊದಲೇ ಇಟ್ಟುಕೊಳ್ಳಿ. ಕಾರು ಓಡಿಸುತ್ತಾ ಮೀಟಿಂಗಿಗೆ ಸೇರುವ ಅಭ್ಯಾಸವಿದ್ದರೆ ಅದನ್ನು ಇವತ್ತೇ ನಿಲ್ಲಿಸಿ. ಇದರಲ್ಲಿ ರಾಜಿ ಬೇಡ.

ಎಲ್ಲಾದರೂ ಹೊರಟುಹೋಗೋಣ ಅನ್ನಿಸುತ್ತದೆ ಎಂಬ ನಿಮ್ಮ ಸಾಲನ್ನು ನಾನು ಹಗುರವಾಗಿ ತೆಗೆದುಕೊಂಡಿಲ್ಲ. ಅದು ಬರೀ ದಣಿವಿನ ಮಾತಾಗಿರಬಹುದು. ಆದರೆ ನಿದ್ದೆ ಕೆಟ್ಟಿದ್ದರೆ, ಕುಡಿತ ಹೆಚ್ಚಾಗಿದ್ದರೆ, ಬದುಕೇ ಬೇಡ ಎಂಬ ಯೋಚನೆ ಒಮ್ಮೆಯಾದರೂ ಸುಳಿದಿದ್ದರೆ ತಡಮಾಡಬೇಡಿ. 14416 ಸಂಖ್ಯೆಗೆ ಕರೆ ಮಾಡಿ. ಇದು 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ. ಬೆಂಗಳೂರಿನ ನಿಮ್ಹಾನ್ಸ್ ಇದಕ್ಕೆ ಮಾರ್ಗದರ್ಶಕ ಸಂಸ್ಥೆ. ಹಗಲು ರಾತ್ರಿ, ಉಚಿತವಾಗಿ, ಕನ್ನಡದಲ್ಲೇ ಮಾತಾಡಬಹುದು. ತಲೆ ಸಿಡಿತವೋ ಎದೆ ಬಿಗಿತವೋ ಇದ್ದರೆ ವೈದ್ಯರಲ್ಲಿ ಬಿಪಿಯನ್ನೂ ತೋರಿಸಿಕೊಳ್ಳಿ.

ಎಲ್ಲವನ್ನೂ ಒಂದೇ ವಾರದಲ್ಲಿ ಮಾಡಬೇಕಿಲ್ಲ. ಮ್ಯಾನೇಜರ್ ಜೊತೆಗಿನ ಮಾತು ಮುಂದಿನ ವಾರಕ್ಕೆ ಇರಲಿ, ಮೆಟ್ರೊ ಅದರ ಮುಂದಿನ ವಾರಕ್ಕೆ. ಮಗಳ ಜೊತೆಗಿನ ಮಾತನ್ನು ಮಾತ್ರ ದಯವಿಟ್ಟು ಈ ಭಾನುವಾರ ದಾಟಲು ಬಿಡಬೇಡಿ.